ಕಬ್ಬಿಣ ಬೆಸೆದ ಡೇವಿಡ್ ಸ್ಮಿತ್

ನಮ್ಮ ಶಾಲೆಯ ಗಂಟೆ ಒಂದು ರೈಲು ಕಂಬಿಯ ತುಂಡು. ನಾನು ಎಂಟನೇ ತರಗತಿಗೆ ಸೇರಿದಾಗ ಅದು ಆಫೀಸಿನ ಮುಂದಿನ ಬೇವಿನ ಮರಕ್ಕೆ ತಂತಿಯಲ್ಲಿ ನೇತಾಡುತ್ತಿತ್ತು. ಜವಾನರು ಸರಳಿನಿಂದ ಅದಕ್ಕೆ ಹೊಡೆದರೆ ಕೆರೆ ಏರಿಯ ಮೇಲೆ ಬರುತ್ತಿದ್ದ ನಾವು ಓಟ ಕೀಳುತ್ತಿದ್ದೆವು. ನಮ್ಮೂರಿಗೆ ರೈಲೇ ಇಲ್ಲ. ಆ ತುಂಡು ಎಲ್ಲಿಂದ ಬಂತು, ಯಾರು ಹೊತ್ತು ತಂದರು ಎಂಬುದನ್ನು ಮೊದಲ ಬ್ಯಾಚಿನ ಹಿರಿಯರು ಯಾರಾದರೂ ಈ ಸಂಚಿಕೆಯಲ್ಲಿ ಬರೆದಿದ್ದರೆ ಓದಲು ಕಾದಿದ್ದೇನೆ.

ಸುವರ್ಣ ಮಹೋತ್ಸವದ ಸಂಚಿಕೆಗೆ ಒಬ್ಬ ಸಾಧಕರ ಜೀವನವನ್ನು ಬರೆದುಕೊಡು ಎಂದು ಮೇಷ್ಟ್ರು ಫೋನ್ ಮಾಡಿದಾಗ, ಸಾಫ್ಟ್‌ವೇರ್‌ನವನಾದ ನಾನು ಯಾರೋ ಕಂಪ್ಯೂಟರ್ ವಿಜ್ಞಾನಿಯ ಬಗ್ಗೆ ಬರೆಯುತ್ತೇನೆಂದು ಅವರು ಎಣಿಸಿರಬಹುದು. ನನಗೆ ನೆನಪಾದದ್ದು ಆ ಕಂಬಿ. ಅದರ ಹಿಂದೆಯೇ ನೆನಪಾದವರು ಡೇವಿಡ್ ಸ್ಮಿತ್. ಅಮೆರಿಕದ ಶಿಲ್ಪಿ. ನಮ್ಮ ಶಾಲೆ ಶುರುವಾಗುವ ಹತ್ತು ವರ್ಷ ಮೊದಲೇ ತೀರಿಕೊಂಡವರು. ಹಳೆಯ ಇಕ್ಕಳ, ಸ್ಪ್ಯಾನರ್, ಚಕ್ರ, ನೇಗಿಲಿನ ಬಿಡಿಭಾಗ, ಬಾಯ್ಲರಿನ ಮುಚ್ಚಳ ಇಂಥವನ್ನು ಒಂದಕ್ಕೊಂದು ಬೆಸೆದು ಶಿಲ್ಪ ಮಾಡಿದವರು.

ಎಂಟು ವರ್ಷದ ಹಿಂದೆ ಕಂಪನಿ ಕೆಲಸದ ಮೇಲೆ ಅಮೆರಿಕಕ್ಕೆ ಹೋಗಿದ್ದೆ. ಒಂದು ಶನಿವಾರ ಗೆಳೆಯರ ಜೊತೆ ವಾಷಿಂಗ್ಟನ್ನಿನ ರಾಷ್ಟ್ರೀಯ ಕಲಾ ಗ್ಯಾಲರಿಗೆ ಕಾಲಿಟ್ಟೆ. ಶಿಲ್ಪವೆಂದರೆ ನನಗೆ ಆವರೆಗೆ ಬೇಲೂರು, ಹಳೇಬೀಡು. ಕಲ್ಲನ್ನು ಕೆತ್ತಬೇಕು, ಇಲ್ಲವೇ ಲೋಹವನ್ನು ಎರಕ ಹೊಯ್ಯಬೇಕು. ಇಲ್ಲಿ ಕಂಡದ್ದು ಚಕ್ರಗಳ ಮೇಲೆ ನಿಂತ, ತೇರೋ ಬಂಡಿಯೋ ಎನ್ನುವಂಥ ಒಂದು ಕಬ್ಬಿಣದ ವಸ್ತು. ಅದರ ಅಡ್ಡಪಟ್ಟಿಯ ಮೇಲೆ ಬಾಗಿದ ಕಬ್ಬಿಣದ ತುಂಡುಗಳು ಮೆರವಣಿಗೆಯ ಜನರ ಹಾಗೆ ಸಾಲಾಗಿ ನಿಂತಿದ್ದವು. ಹೆಸರು ‘ವೋಲ್ಟ್ರಿ 7’. ಗೆಳೆಯರು ನಕ್ಕು ಮುಂದೆ ಹೋದರು. ನಾನು ಅಲ್ಲೇ ನಿಂತೆ. ಅದಕ್ಕೆ ಕಾರಣವಿತ್ತು. ಆ ವರ್ಷವೇ ಊರಿನ ಮನೆ ರಿಪೇರಿ ಮಾಡಿಸುವಾಗ, ಅಟ್ಟದ ಮೇಲಿದ್ದ ಅಜ್ಜನ ಕಾಲದ ನೇಗಿಲ ಗುಳ, ಕುಂಟೆ, ಎತ್ತಿನ ಗಾಡಿಯ ಚಕ್ರದ ಪಟ್ಟಿ ಎಲ್ಲವನ್ನೂ ಗುಜರಿಗೆ ಹಾಕಿಬಿಡು ಎಂದು ಅಪ್ಪನಿಗೆ ಫೋನಿನಲ್ಲಿ ಹೇಳಿದ್ದವನು ನಾನೇ. ಕೆಜಿ ಲೆಕ್ಕದಲ್ಲಿ ಹೋಯಿತು. ಅಪ್ಪ ಬೇಡವೆನ್ನಲಿಲ್ಲ.

ಆಮೇಲೆ ಈ ಮನುಷ್ಯನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ.

ಡೇವಿಡ್ ಸ್ಮಿತ್ ಹುಟ್ಟಿದ್ದು 1906ರ ಮಾರ್ಚ್ 9ರಂದು, ಇಂಡಿಯಾನಾ ರಾಜ್ಯದ ಡೆಕೇಟರ್ ಎಂಬ ಸಣ್ಣ ಊರಿನಲ್ಲಿ. ತಂದೆ ಟೆಲಿಫೋನ್ ಕೆಲಸದ ಎಂಜಿನಿಯರ್, ತಾಯಿ ಶಾಲಾ ಶಿಕ್ಷಕಿ. ವಂಶದ ಹಿರಿಯರೊಬ್ಬರು ಕಮ್ಮಾರರಾಗಿದ್ದರು ಎಂಬುದನ್ನು ಸ್ಮಿತ್ ಕೊನೆಯವರೆಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಇಂಗ್ಲಿಷಿನಲ್ಲಿ ಆ ಹೆಸರಿನ ಅರ್ಥವೇ ಕಮ್ಮಾರ. 1921ರಲ್ಲಿ ಕುಟುಂಬ ಒಹಾಯೊ ರಾಜ್ಯದ ಪಾಲ್ಡಿಂಗ್‌ಗೆ ಬಂತು. ಹೈಸ್ಕೂಲಿನಲ್ಲಿದ್ದಾಗ ಹುಡುಗ ಅಂಚೆಯ ಮೂಲಕ ವ್ಯಂಗ್ಯಚಿತ್ರ ಕಲಿಸುವ ಕೋರ್ಸಿಗೆ ಸೇರಿದ. ಆ ಊರುಗಳಲ್ಲಿ ಕಲೆ ನೋಡಲು ಗ್ಯಾಲರಿಯಾಗಲಿ ಮ್ಯೂಸಿಯಮ್ಮಾಗಲಿ ಇರಲಿಲ್ಲ. ಕಣ್ಣಿಗೆ ಬೀಳುತ್ತಿದ್ದದ್ದು ರೈಲು, ಕಾರ್ಖಾನೆ, ಹೊಲದ ಯಂತ್ರ.

ಕಾಲೇಜು ಹಿಡಿಸಲಿಲ್ಲ. ಒಹಾಯೊ ವಿಶ್ವವಿದ್ಯಾಲಯದಲ್ಲಿ ಒಂದು ವರ್ಷ ಕಳೆದು ಬಿಟ್ಟರು. ಇನ್ನೊಂದು ವಿಶ್ವವಿದ್ಯಾಲಯದಲ್ಲಿ ಇದ್ದದ್ದು ಎರಡೇ ವಾರ. ನಡುವೆ 1925ರ ಬೇಸಿಗೆಯಲ್ಲಿ, 19ರ ವಯಸ್ಸಿನಲ್ಲಿ, ಸೌತ್ ಬೆಂಡ್ ಎಂಬಲ್ಲಿದ್ದ ಸ್ಟುಡಿಬೇಕರ್ ಮೋಟಾರು ಕಾರ್ಖಾನೆಯಲ್ಲಿ ಕೂಲಿಗೆ ಸೇರಿದರು. ಅಲ್ಲಿ ಕಲಿತದ್ದು ರಿವೆಟ್ ಹೊಡೆಯುವುದು ಮತ್ತು ವೆಲ್ಡಿಂಗ್. ಸೇರಿದ್ದು ಸಂಬಳಕ್ಕಾಗಿ, ಕಲೆಗಾಗಿಯಲ್ಲ. ಆದರೆ ಅವರ ಮುಂದಿನ ಬದುಕಿಗೆ ನಿಜವಾದ ಡಿಗ್ರಿ ಕೊಟ್ಟದ್ದು ಆ ಕಾರ್ಖಾನೆಯೇ ಎಂದು ನನಗನ್ನಿಸುತ್ತದೆ. ನಾನು ಬಿ.ಇ. ಮೊದಲ ವರ್ಷದ ವರ್ಕ್‌ಶಾಪ್ ಪ್ರಾಕ್ಟಿಕಲ್‌ನಲ್ಲಿ ಎರಡು ಪಟ್ಟಿ ಬೆಸೆಯಲು ಮೂರು ವಾರ ಒದ್ದಾಡಿದವನು. ಕೊನೆಗೂ ನನ್ನ ಬೆಸುಗೆ ಮೇಷ್ಟ್ರ ಒಂದೇ ಏಟಿಗೆ ಬಿಟ್ಟುಕೊಂಡಿತು. ಆದ್ದರಿಂದ ಆ ಕೈಕೆಲಸದ ಬೆಲೆ ಸ್ವಲ್ಪ ಗೊತ್ತು.

1926ರಲ್ಲಿ ನ್ಯೂಯಾರ್ಕಿಗೆ ಬಂದರು. ಇಳಿದುಕೊಂಡ ಮನೆಯಲ್ಲೇ ಡೊರೊಥಿ ಡೆನರ್ ಎಂಬ ಕಲಾ ವಿದ್ಯಾರ್ಥಿನಿಯ ಪರಿಚಯವಾಯಿತು. ಆಕೆಯ ಸಲಹೆಯಂತೆ ಆರ್ಟ್ ಸ್ಟೂಡೆಂಟ್ಸ್ ಲೀಗ್ ಎಂಬ ಕಲಾಶಾಲೆಗೆ ಸೇರಿದರು. ಮರುವರ್ಷ ಮದುವೆಯಾದರು. ಹಗಲು ಹೊಟ್ಟೆಪಾಡಿನ ಕೆಲಸ, ಉಳಿದ ಹೊತ್ತು ಚಿತ್ರ. ಆಗ ಅವರು ಚಿತ್ರಕಾರರಾಗಬೇಕೆಂದಿದ್ದರು, ಶಿಲ್ಪದ ಯೋಚನೆ ಇರಲಿಲ್ಲ. 1929ರಲ್ಲಿ ಇಬ್ಬರೂ ಸೇರಿ ನ್ಯೂಯಾರ್ಕ್ ರಾಜ್ಯದ ಉತ್ತರಕ್ಕೆ, ಲೇಕ್ ಜಾರ್ಜ್ ಸರೋವರದ ಬಳಿಯ ಬೋಲ್ಟನ್ ಲ್ಯಾಂಡಿಂಗ್ ಎಂಬಲ್ಲಿ ಒಂದು ಹಳೆಯ ತೋಟದ ಜಮೀನು ಕೊಂಡರು. 86 ಎಕರೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಈ ಹೊಲ ಮತ್ತೆ ಬರುತ್ತದೆ.

ಬಣ್ಣದಿಂದ ಕಬ್ಬಿಣಕ್ಕೆ ಅವರನ್ನು ತಿರುಗಿಸಿದ್ದು ಒಂದು ಫ್ರೆಂಚ್ ಕಲಾ ಪತ್ರಿಕೆಯಲ್ಲಿದ್ದ ಫೋಟೊಗಳು. ಅವರಿಗೆ ಫ್ರೆಂಚ್ ಓದಲು ಬರುತ್ತಿರಲಿಲ್ಲ, ಚಿತ್ರ ನೋಡಲು ಭಾಷೆ ಬೇಕಿರಲಿಲ್ಲ. ಪ್ಯಾರಿಸ್ಸಿನಲ್ಲಿ ಪಿಕಾಸೊ 1928ರಿಂದ ಹೂಲಿಯೊ ಗೊನ್ಸಾಲೆಸ್ ಎಂಬ ಸ್ಪೇನಿನ ಲೋಹಕಾರನ ನೆರವಿನಿಂದ ಕಬ್ಬಿಣ ಬೆಸೆದು ಶಿಲ್ಪ ಮಾಡುತ್ತಿದ್ದ. ಒಂದು ಹೆಂಗಸಿನ ತಲೆಗೆ ಅಡುಗೆಮನೆಯ ಜಾಲರಿ ಬೋಗುಣಿಗಳನ್ನೇ ಬಳಸಿದ್ದ. ಗೊನ್ಸಾಲೆಸ್ ಗ್ಯಾಸ್ ವೆಲ್ಡಿಂಗ್ ಕಲಿತದ್ದು ರೆನೊ ಮೋಟಾರು ಕಾರ್ಖಾನೆಯಲ್ಲಿ. ಸ್ಮಿತ್‌ಗೆ ಆ ಫೋಟೊಗಳಲ್ಲಿ ಕಂಡದ್ದು ತನಗೆ ಗೊತ್ತಿದ್ದ ಕೆಲಸ. ಕಾರ್ಖಾನೆಯಲ್ಲಿ ದಿನಗೂಲಿಗೆ ಮಾಡಿದ್ದನ್ನೇ ಕಲೆಯೆಂದು ಮಾಡಬಹುದೆಂದು ಯಾರೋ ಅನುಮತಿ ಕೊಟ್ಟ ಹಾಗಾಯಿತು.

ಈ ಬಗೆಯ ಶಿಲ್ಪವನ್ನು ಕನ್ನಡದಲ್ಲಿ ಜೋಡಣಾ ಶಿಲ್ಪ ಎನ್ನಬಹುದು. ಕಲ್ಲಿನ ಶಿಲ್ಪಿ ಬೇಡದ್ದನ್ನು ತೆಗೆಯುತ್ತಾ ಹೋಗುತ್ತಾನೆ. ಇಲ್ಲಿ ಸೇರಿಸುತ್ತಾ ಹೋಗುವುದು. ಆಕ್ಸಿಜನ್ ಮತ್ತು ಅಸಿಟಿಲಿನ್ ಅನಿಲ ಸೇರಿ ಉರಿದರೆ ಜ್ವಾಲೆಯ ಬಿಸಿ ಸುಮಾರು 3000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಕಬ್ಬಿಣ ಕರಗುವುದು 1538 ಡಿಗ್ರಿಗೆ. ಎರಡು ತುಂಡುಗಳ ಅಂಚು ಕರಗಿ ಒಂದರೊಳಗೊಂದು ಹರಿದು ತಣ್ಣಗಾದರೆ ಆ ಜಾಗ ಮೂಲ ಕಬ್ಬಿಣದಷ್ಟೇ ಗಟ್ಟಿ. ಹಾಗಾಗಿ ಒಂದು ಸಣ್ಣ ಬಿಂದುವಿನ ಆಧಾರದ ಮೇಲೆ ಭಾರವಾದ ತುಂಡನ್ನು ಗಾಳಿಯಲ್ಲಿ ಚಾಚಿ ನಿಲ್ಲಿಸಬಹುದು. ಕಲ್ಲಿನಲ್ಲಿ ಹಾಗೆ ಮಾಡಲು ಹೋದರೆ ಮುರಿದು ಬೀಳುತ್ತದೆ. ಇನ್ನೊಂದು ಮಾತು. ಗರಗಸವನ್ನು ಶಿಲ್ಪಕ್ಕೆ ಬೆಸೆದರೂ ಅದು ನೋಡುವವರಿಗೆ ಗರಗಸವಾಗಿಯೇ ಕಾಣುತ್ತಿರುತ್ತದೆ, ಜೊತೆಗೆ ಬೇರೆ ಏನೋ ಆಗಿಯೂ ಕಾಣುತ್ತದೆ. 1933ರಲ್ಲಿ ಸ್ಮಿತ್ ಮಾಡಿದ ಮೊದಲ ಕಬ್ಬಿಣದ ತಲೆಗಳಲ್ಲಿ ಒಂದರ ಹೆಸರು ‘ಗರಗಸದ ತಲೆ’, ಇನ್ನೊಂದರ ಹೆಸರು ‘ಸರಪಳಿಯ ತಲೆ’. ಹೆಸರೇ ಹೇಳುವಂತೆ ಒಂದರಲ್ಲಿ ಗರಗಸದ ಬಿಲ್ಲೆ, ಇನ್ನೊಂದರಲ್ಲಿ ಸರಪಳಿ.

ಮನೆಯಲ್ಲಿ ಕಿಡಿ ಹಾರಿಸುತ್ತಾ ವೆಲ್ಡಿಂಗ್ ಮಾಡುವುದು ಅಪಾಯವಾಗಿತ್ತು. ಒಂದು ಭಾನುವಾರ ಗಂಡ ಹೆಂಡತಿ ಬ್ರೂಕ್ಲಿನ್ನಿನ ಹಡಗುಕಟ್ಟೆಯ ಬಳಿ ತಿರುಗಾಡುತ್ತಿದ್ದಾಗ ಕೆಳಗೆ ಹಳೇ ಶೆಡ್ಡಿನಂಥ ಒಂದು ವರ್ಕ್‌ಶಾಪ್ ಕಂಡಿತು. ಬೋರ್ಡಿನ ಮೇಲೆ ಟರ್ಮಿನಲ್ ಐರನ್ ವರ್ಕ್ಸ್ ಎಂದಿತ್ತು. ನೀನು ಕೆಲಸ ಮಾಡಬೇಕಾದ ಜಾಗ ಅದು ಎಂದು ತೋರಿಸಿದವರು ಡೊರೊಥಿ. ಮಾರನೇ ಬೆಳಿಗ್ಗೆ ಸ್ಮಿತ್ ಅಲ್ಲಿಗೆ ಹೋಗಿ, ತಾನೊಬ್ಬ ಕಲಾವಿದ, ವೆಲ್ಡಿಂಗ್ ಸಾಮಾನಿದೆ, ಇಲ್ಲಿ ಕೆಲಸ ಮಾಡಬಹುದೇ ಎಂದು ಕೇಳಿದರು. ಮಾಲೀಕರಾದ ಬ್ಲ್ಯಾಕ್‌ಬರ್ನ್ ಮತ್ತು ಬಕ್‌ಹಾರ್ನ್ ಒಳಕ್ಕೆ ಕರೆದು ಜಾಗ ಕೊಟ್ಟರು. ಹಡಗು ರಿಪೇರಿಯ ಆ ಜನ ಈತನ ಶಿಲ್ಪವನ್ನು ಎಷ್ಟು ಮೆಚ್ಚಿದರೋ, ಕಬ್ಬಿಣದ ಕೆಲಸ ಬಲ್ಲವನೆಂದು ಮಾತ್ರ ಒಪ್ಪಿಕೊಂಡರು. ಬೇಕಾದ ತುಂಡು ಕೊಟ್ಟರು, ಗೊತ್ತಿಲ್ಲದ್ದನ್ನು ಕಲಿಸಿದರು. ಅದು ಅಮೆರಿಕದಲ್ಲಿ ಕೆಲಸವೇ ಸಿಗದ ಕಾಲ. 1940ರವರೆಗೆ ಅವರ ವರ್ಕ್‌ಶಾಪ್ ಅದೇ ಆಗಿತ್ತು.

ಆಮೇಲೆ ಬೋಲ್ಟನ್ ಲ್ಯಾಂಡಿಂಗ್‌ನ ಹೊಲದಲ್ಲೇ ನೆಲೆಸಿ, ಸ್ವಂತ ವರ್ಕ್‌ಶಾಪ್ ಕಟ್ಟಿಕೊಂಡರು. ಅದಕ್ಕೂ ಟರ್ಮಿನಲ್ ಐರನ್ ವರ್ಕ್ಸ್ ಎಂದೇ ಹೆಸರಿಟ್ಟರು. ಕಲಾವಿದರು ತಮ್ಮ ಜಾಗಕ್ಕೆ ಸ್ಟುಡಿಯೊ ಎನ್ನುತ್ತಾರೆ, ಇವರು ಕಾರ್ಖಾನೆ ಎನ್ನುತ್ತಿದ್ದರು. ಇದರಲ್ಲಿ ಅಭಿಮಾನವೂ ಇತ್ತು, ಲೆಕ್ಕಾಚಾರವೂ ಇತ್ತು. ಹಳೆಯ ಹೆಸರಿನಲ್ಲಿ ಕಬ್ಬಿಣದ ವ್ಯಾಪಾರಿಗಳು ಸಾಲಕ್ಕೆ ಮಾಲು ಕೊಡುತ್ತಿದ್ದರು! ಕಲಾವಿದನಿಗೆ ಯಾರು ಕೊಡುತ್ತಾರೆ?

ನಡುವೆ ಯುರೋಪು, ಗ್ರೀಸು, ರಷ್ಯ ಸುತ್ತಿ ಬಂದಿದ್ದರು. ಯುದ್ಧದಿಂದ ಲಾಭ ಮಾಡಿಕೊಳ್ಳುವವರನ್ನು ಹಂಗಿಸುವ 15 ಕಂಚಿನ ಪದಕಗಳನ್ನು ‘ಅಪಮಾನದ ಪದಕಗಳು’ ಎಂಬ ಹೆಸರಿನಲ್ಲಿ ಮಾಡಿದರು. 1940ರಲ್ಲಿ ಪ್ರದರ್ಶನವಾಯಿತು. ಎರಡೇ ವರ್ಷದಲ್ಲಿ ಅದೇ ಮನುಷ್ಯ ಸ್ಕೆನೆಕ್ಟಡಿ ಎಂಬ ಊರಿನ ಅಮೆರಿಕನ್ ಲೋಕೋಮೋಟಿವ್ ಕಂಪನಿಯಲ್ಲಿ ವೆಲ್ಡರ್ ಆಗಿ ರೈಲು ಎಂಜಿನ್ನುಗಳ ಜೊತೆ ಯುದ್ಧದ ಟ್ಯಾಂಕುಗಳನ್ನೂ ಬೆಸೆಯುತ್ತಿದ್ದರು. ಯುದ್ಧವನ್ನು ದ್ವೇಷಿಸುತ್ತಾ ಹಿಟ್ಲರನನ್ನು ಸೋಲಿಸುವ ಟ್ಯಾಂಕು ಬೆಸೆಯುವುದು ಅವರಿಗೆ ವಿರೋಧವಾಗಿ ಕಂಡಂತಿಲ್ಲ. ಕಾರ್ಮಿಕ ಸಂಘದ ಸದಸ್ಯತ್ವ ಅವರಿಗೆ ಹೆಮ್ಮೆಯ ವಿಷಯವಾಗಿತ್ತು.

1950ರಲ್ಲಿ ಗುಗೆನ್‌ಹೈಮ್ ಫೆಲೋಶಿಪ್ ಸಿಕ್ಕಿತು, ಮರುವರ್ಷ ಮುಂದುವರಿಯಿತು. ಜೀವನದಲ್ಲಿ ಮೊದಲ ಸಲ ಬೇಕಾದಷ್ಟು ಲೋಹ ಕೊಳ್ಳಲು ಕೈಯಲ್ಲಿ ದುಡ್ಡಿತ್ತು. ವಿಚಿತ್ರವೆಂದರೆ ಆಗಲೇ ಅವರು ಹಳೆಯ ಬೇಸಾಯದ ಸಾಮಾನಿಗೆ ಕೈಹಾಕಿದ್ದು. 1951ರಿಂದ 1957ರವರೆಗೆ ಮಾಡಿದ ಈ ಸರಣಿಯ ಹೆಸರು ‘ಅಗ್ರಿಕೊಲ’. ಲ್ಯಾಟಿನ್ ಭಾಷೆಯಲ್ಲಿ ರೈತ ಎಂದರ್ಥ. ಟ್ರ್ಯಾಕ್ಟರ್ ಬಂದ ಮೇಲೆ ಮೂಲೆಗೆ ಬಿದ್ದ ಸಲಕರಣೆಗಳ ಹಿಡಿ, ಕೊಕ್ಕೆ, ಬಾಗಿದ ಸರಳು ಇವುಗಳನ್ನು ಬೆಸೆದು ಎದ್ದು ನಿಲ್ಲಿಸಿದರು. ಕೆಲವು ಕೈಬೀಸಿ ಕರೆಯುವ ಮನುಷ್ಯನಂತೆ ಕಾಣುತ್ತವೆ. ಜೊತೆಜೊತೆಗೇ, ಬಾಯ್ಲರ್ ಟ್ಯಾಂಕಿನ ಉಬ್ಬಿದ ಮುಚ್ಚಳಗಳನ್ನು ಕ್ಯಾಟಲಾಗ್ ನೋಡಿ ತರಿಸಿ, ಹೊಟ್ಟೆಯೋ ಮುಖವೋ ಎನ್ನುವಂತೆ ಕೂರಿಸಿ ‘ಟ್ಯಾಂಕ್‌ಟೋಟೆಮ್’ ಸರಣಿ ಮಾಡಿದರು. ತುಂಡುಗಳನ್ನು ಮೊದಲು ನೆಲದ ಮೇಲೆ ಹರಡಿಕೊಂಡು, ದಿನಗಟ್ಟಲೆ ಅತ್ತಿತ್ತ ಸರಿಸಿ ನೋಡಿ, ಒಪ್ಪಿದ ಮೇಲೆ ಬೆಸೆಯುವುದು ಅವರ ಪದ್ಧತಿ.

ಮನೆಯ ಕಥೆ ಅಷ್ಟು ಚೆನ್ನಾಗಿಲ್ಲ. ಸ್ಮಿತ್ ಕೋಪಿಷ್ಠರು, ಅವರ ಜೊತೆ ಬಾಳುವುದು ಸುಲಭವಿರಲಿಲ್ಲ. ಕಷ್ಟದ ವರ್ಷಗಳಲ್ಲೆಲ್ಲ ಜೊತೆಗಿದ್ದ ಡೊರೊಥಿ 1950ರಲ್ಲಿ ಹೊಲ ಬಿಟ್ಟು ಹೊರಟರು. 1952ರಲ್ಲಿ ವಿಚ್ಛೇದನವಾಯಿತು. ಅಷ್ಟು ವರ್ಷ ಶಿಲ್ಪಿಯ ಪಕ್ಕದಲ್ಲಿದ್ದ ಆಕೆ ತಾವೇ ಶಿಲ್ಪ ಮಾಡಲು ಶುರುಮಾಡಿದ್ದು ಅವನಿಂದ ದೂರವಾದ ಮೇಲೆ, 1955ರಲ್ಲಿ. ಮುಂದೆ ಅವರೂ ಹೆಸರಾಂತ ಶಿಲ್ಪಿಯಾದರು. ಈ ಸಂಗತಿಯನ್ನು ಬಿಟ್ಟು ಸ್ಮಿತ್‌ರನ್ನು ಹೊಗಳುವುದು ಸರಿಯಲ್ಲ. ಎರಡನೆಯ ಮದುವೆಯಲ್ಲಿ ಇಬ್ಬರು ಹೆಣ್ಣುಮಕ್ಕಳು ಹುಟ್ಟಿದರು, ಅದೂ ಮುರಿಯಿತು. ಮಕ್ಕಳ ಹೆಸರನ್ನು ಶಿಲ್ಪಗಳಿಗೆ ಇಡುತ್ತಾ, ಅವರು ರಜೆಗೆ ಬರುವುದನ್ನು ಕಾಯುತ್ತಾ, ಆ ಹೊಲದಲ್ಲಿ ಒಬ್ಬರೇ ಉಳಿದರು.

ಈಗ ವೋಲ್ಟ್ರಿ. 1962ರಲ್ಲಿ ಇಟಲಿಯ ಸ್ಪೊಲೆಟೊ ಎಂಬ ಊರಿನ ಉತ್ಸವಕ್ಕೆ ಒಂದೆರಡು ಶಿಲ್ಪ ಮಾಡಿಕೊಡಿ ಎಂಬ ಕರೆ ಬಂತು. ಕೆಲಸ ಮಾಡಲು ಜಿನೋವಾ ನಗರದ ಪಕ್ಕದ ವೋಲ್ಟ್ರಿಯಲ್ಲಿ, ಆಗಷ್ಟೇ ಮುಚ್ಚಿದ್ದ ಉಕ್ಕಿನ ಕಾರ್ಖಾನೆಯ ಕಟ್ಟಡಗಳನ್ನು ಬಿಟ್ಟುಕೊಟ್ಟರು, ನೆರವಿಗೆ ಅಲ್ಲಿನ ಕೆಲಸಗಾರರನ್ನು ಕೊಟ್ಟರು. ಕೆಲಸಗಾರರಿಗೆ ಇಂಗ್ಲಿಷ್ ಬಾರದು, ಇವರಿಗೆ ಇಟಾಲಿಯನ್ ಬಾರದು. ಒಳಗೆ ಹೋಗಿ ನೋಡಿದರೆ ಕೆಲಸ ನಿಂತ ದಿನ ಹೇಗಿತ್ತೋ ಹಾಗೇ ಇತ್ತು. ಕಾಯ್ದ ಕಬ್ಬಿಣ ಹಿಡಿಯುವ ಉದ್ದುದ್ದ ಇಕ್ಕಳಗಳು, ಸ್ಪ್ಯಾನರುಗಳು, ಗಾಡಿ ಚಕ್ರಗಳು, ಕೆಲಸದ ಮೇಜುಗಳು, ಅರ್ಧ ಬಡಿದು ಬಿಟ್ಟ ತುಂಡುಗಳು.

ಮುಚ್ಚಿದ ಕಾರ್ಖಾನೆ ಹೇಗಿರುತ್ತದೆಂದು ನೋಡಿದವರಿಗೆ ಗೊತ್ತು. ಮಾಲೀಕರು ಯಂತ್ರ ಸಾಗಿಸುತ್ತಾರೆ, ಕೈಸಾಮಾನು ಉಳಿಯುತ್ತದೆ. ಪ್ರತಿಯೊಂದರ ಹಿಡಿಯೂ ಯಾವನೋ ಒಬ್ಬನ ಕೈಗೆ ಒಗ್ಗಿದ್ದು. ತಾವೇ ಕಾರ್ಖಾನೆಯಲ್ಲಿ ಬೆವರು ಸುರಿಸಿದವರಾದ್ದರಿಂದ ಸ್ಮಿತ್‌ಗೆ ಅದನ್ನು ಯಾರೂ ವಿವರಿಸಬೇಕಿರಲಿಲ್ಲ. 30 ದಿನಗಳಲ್ಲಿ ಅವರು ಮುಗಿಸಿದ್ದು 27 ಶಿಲ್ಪ. ಕೇಳಿದ್ದು ಒಂದೆರಡು! ರೈಲಿನ ತೆರೆದ ವ್ಯಾಗನ್ನೊಂದರ ಮೇಲೆ ಸಾಮಾನುಗಳನ್ನೆಲ್ಲ ನಿಲ್ಲಿಸಿ ಇಡೀ ವ್ಯಾಗನ್ನನ್ನೇ ಶಿಲ್ಪ ಮಾಡುವ ಆಸೆಯೂ ಇತ್ತು, ಅದು ಕೈಗೂಡಲಿಲ್ಲ. ನಾನು ವಾಷಿಂಗ್ಟನ್ನಿನಲ್ಲಿ ನೋಡಿದ ಬಂಡಿ ಈ 27ರಲ್ಲಿ ಒಂದು. ಇನ್ನೊಂದರಲ್ಲಿ ಕೆಲಸದ ಮೇಜು ಇದ್ದ ಹಾಗೇ ಇದೆ, ಅದರ ಮೇಲೆ ಇಕ್ಕಳ ಮುಂತಾದ ಸಾಮಾನು ಬೆಸೆದಿದ್ದಾರೆ. ಕೆಲಸಗಾರ ಊಟಕ್ಕೆ ಎದ್ದು ಹೋಗಿ ಇನ್ನೇನು ಬರುತ್ತಾನೆ ಎಂಬ ಹಾಗೆ. ಶಿಲ್ಪಗಳನ್ನು ಸ್ಪೊಲೆಟೊದಲ್ಲಿ ರೋಮನ್ನರ ಕಾಲದ ಬಯಲು ರಂಗಮಂದಿರದ ಕಲ್ಲಿನ ಮೆಟ್ಟಿಲುಗಳ ಮೇಲೆ, ಪ್ರೇಕ್ಷಕರು ಕೂರುವ ಜಾಗದಲ್ಲಿ ನಿಲ್ಲಿಸಿದರು.

ವಾಪಸು ಬರುವಾಗ ಅಲ್ಲಿನ ಹಳೆಯ ಸಾಮಾನನ್ನು ಪೆಟ್ಟಿಗೆಗಳಲ್ಲಿ ತುಂಬಿಸಿ ಅಮೆರಿಕಕ್ಕೆ ಸಾಗಿಸಿದರು. ಇಟಲಿಯ ಗುಜರಿಗೆ ಹಡಗಿನ ಬಾಡಿಗೆ ಕೊಟ್ಟ ಮನುಷ್ಯ! ಅದರಿಂದ ಬೋಲ್ಟನ್ ಲ್ಯಾಂಡಿಂಗ್‌ನಲ್ಲಿ ಮತ್ತೆ 25 ಶಿಲ್ಪಗಳಾದವು. ‘ವೋಲ್ಟ್ರಿ-ಬೋಲ್ಟನ್’ ಎಂದು ಎರಡು ಊರಿನ ಹೆಸರನ್ನೂ ಸೇರಿಸಿಟ್ಟರು.

ಕೊನೆಯ ವರ್ಷಗಳಲ್ಲಿ ‘ಕ್ಯೂಬಿ’ ಎಂಬ 28 ಶಿಲ್ಪಗಳ ದೊಡ್ಡ ಸರಣಿ ಮಾಡಿದರು. ಅವು ಸ್ಟೇನ್‌ಲೆಸ್ ಸ್ಟೀಲಿನ ಪೆಟ್ಟಿಗೆಗಳ ಜೋಡಣೆ, ಬಿಸಿಲಿಗೆ ಹೊಳೆಯುವಂತೆ ಮೇಲ್ಮೈಯನ್ನು ಉಜ್ಜಿದ್ದಾರೆ. ಪುಸ್ತಕಗಳು ಇವನ್ನೇ ಹೆಚ್ಚು ಹೊಗಳುತ್ತವೆ. ನನಗೆ ಇಕ್ಕಳದವೇ ಮೇಲು. ಮಾರಾಟವಾಗದ, ಮಾರಲು ಮನಸ್ಸಾಗದ ಶಿಲ್ಪಗಳನ್ನೆಲ್ಲ ಅವರು ಮನೆಯ ಸುತ್ತ ಹೊಲದಲ್ಲಿ ಸಾಲು ಸಾಲಾಗಿ ನೆಟ್ಟಿದ್ದರು. ಮಳೆ, ಹಿಮ, ಬಿಸಿಲು ಎಲ್ಲ ಅವುಗಳ ಮೇಲೇ. 1965ರ ಮೇ 23ರಂದು ವರ್ಮಾಂಟ್ ರಾಜ್ಯದ ಬೆನಿಂಗ್ಟನ್‌ಗೆ ಗೆಳೆಯನ ಚಿತ್ರ ಪ್ರದರ್ಶನ ನೋಡಲು ತಮ್ಮ ಟ್ರಕ್ಕಿನಲ್ಲಿ ಹೋಗುವಾಗ ಅಪಘಾತವಾಗಿ ತೀರಿಕೊಂಡರು. ವಯಸ್ಸು 59. 2005ರಲ್ಲಿ ಅವರ ಒಂದು ಕ್ಯೂಬಿ ಹರಾಜಿನಲ್ಲಿ 2 ಕೋಟಿ 38 ಲಕ್ಷ ಡಾಲರಿಗೆ ಹೋಯಿತು.

ಹರಾಜಿಗಿಂತ ನನ್ನನ್ನು ಕಾಡಿದ್ದು ಬಣ್ಣದ ವಿಷಯ. ಚಿತ್ರಕಾರನಾಗಿ ಶುರುಮಾಡಿದ ಸ್ಮಿತ್ ಎಷ್ಟೋ ಶಿಲ್ಪಗಳಿಗೆ ಬಣ್ಣ ಬಳಿಯುತ್ತಿದ್ದರು. ಅವರು ಬದುಕಿದ್ದಾಗಲೇ ‘17 ಎಚ್‌ಗಳು’ ಎಂಬ ಕೆಂಪು ಶಿಲ್ಪದ ಬಣ್ಣವನ್ನು ಅದು ಯಾರ ಕೈ ಸೇರಿತ್ತೋ ಅವರು ಕೆರೆಸಿಬಿಟ್ಟಿದ್ದರು. 1960ರಲ್ಲಿ ಸ್ಮಿತ್ ಒಂದು ಕಲಾ ಪತ್ರಿಕೆಗೆ ಕಾಗದ ಬರೆದು, ಇನ್ನು ಅದು ತಮ್ಮ ಕೃತಿಯಲ್ಲವೆಂದು ಎಲ್ಲರಿಗೂ ತಿಳಿಯುವಂತೆ ಸಾರಿದರು. ಇಷ್ಟು ಸ್ಪಷ್ಟವಾಗಿ ಹೇಳಿದ್ದರೂ, ಸತ್ತ ಮೇಲೆ ಅವರ ಆಸ್ತಿಯ ಮೇಲ್ವಿಚಾರಣೆ ಹೊತ್ತವರಲ್ಲಿ ಒಬ್ಬರಾದ ಪ್ರಸಿದ್ಧ ವಿಮರ್ಶಕ ಕ್ಲೆಮೆಂಟ್ ಗ್ರೀನ್‌ಬರ್ಗ್ ಅವರ ಒಪ್ಪಿಗೆಯಿಂದಲೇ ಹಲವು ಶಿಲ್ಪಗಳ ಬಣ್ಣ ಹೋಯಿತು. ಕೆಲವನ್ನು ಕೆರೆಸಿದರು, ಕೆಲವನ್ನು ಹೊಲದ ಬಿಸಿಲು ಮಳೆಗೆ ಬಿಟ್ಟರು. 1974ರಲ್ಲಿ ರೊಸಾಲಿಂಡ್ ಕ್ರಾಸ್ ಎಂಬ ವಿದ್ವಾಂಸೆ ಫೋಟೊಗಳ ಸಮೇತ ಇದನ್ನು ಬಯಲಿಗೆಳೆದಾಗ ದೊಡ್ಡ ಗಲಾಟೆಯಾಯಿತು. ಗ್ರೀನ್‌ಬರ್ಗ್ ಸ್ಮಿತ್‌ರ ವೈರಿಯಲ್ಲ. ಬದುಕಿರುವಾಗ ಅವರನ್ನು ಎಲ್ಲರಿಗಿಂತ ಹೆಚ್ಚು ಹೊಗಳಿದವರು. ಆದರೆ ಬಣ್ಣವಿಲ್ಲದ ಕಬ್ಬಿಣವೇ ಚೆಂದವೆಂದು ಅವರಿಗನ್ನಿಸಿತ್ತು, ಅಷ್ಟೇ. ಕೈಯಿಂದ ಮಾಡಿದವನ ಮಾತಿಗಿಂತ ನೋಡಿ ಬಲ್ಲವನ ಮಾತು ದೊಡ್ಡದಾಯಿತು.

ಈ ಲೇಖನ ಬರೆಯುವ ಮೊದಲು ಊರಿಗೆ ಬಂದಿದ್ದೆ. ಮೊಬೈಲಿನಲ್ಲಿ ವೋಲ್ಟ್ರಿಯ ಆ ಮೇಜಿನ ಫೋಟೊ ಅಪ್ಪನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ದೊಡ್ಡದು ಮಾಡಿಸಿ ನೋಡಿದರು. ಇಕ್ಕಳವನ್ನು ತಕ್ಷಣ ಗುರುತಿಸಿದರು, ನಮ್ಮೂರ ಕುಲುಮೆಯಲ್ಲಿ ಇಂಥದ್ದೇ ಇತ್ತೆಂದರು. ಕುಲುಮೆ ಮುಚ್ಚಿ ಎಷ್ಟೋ ವರ್ಷವಾಯಿತು, ಆ ಜಾಗದಲ್ಲಿ ಈಗ ಮೊಬೈಲ್ ರೀಚಾರ್ಜ್ ಅಂಗಡಿಯಿದೆ. ಆಮೇಲೆ, ಬೇಕಾದರೆ ಆ ಇಕ್ಕಳವನ್ನು ಎತ್ತಿಕೊಳ್ಳಬಹುದೇ ಎಂದು ಕೇಳಿದರು. ಬೆಸೆದುಬಿಟ್ಟಿದ್ದಾರೆ, ಬರುವುದಿಲ್ಲ ಎಂದೆ. ಒಳ್ಳೆಯ ಇಕ್ಕಳ ಹಾಳು ಮಾಡಿದನಲ್ಲ ಎಂದು ಅಪ್ಪ ಮೊಬೈಲ್ ವಾಪಸು ಕೊಟ್ಟರು. ಹಾಗಲ್ಲ ಎಂದು ವಿವರಿಸಲು ಬಾಯಿ ತೆರೆದೆ. ನಮ್ಮ ಮನೆಯ ಅಟ್ಟ ಖಾಲಿ ಮಾಡಿಸಿದವನು ನಾನೇ ಎಂಬುದು ನೆನಪಾಗಿ ಸುಮ್ಮನಾದೆ.